ನಿಮ್ಮಮ್ಮನ ಕ್ಯಾಲೆಂಡರುಗಳು

ಮಕ್ಕಳೇ, ಹೋದ ತಿಂಗಳು ಮನೆಗೆ ಸುಣ್ಣ ಬಳಿಸುವಾಗ ನೀವಿಬ್ಬರೂ ಅಟ್ಟದ ಮೇಲಿದ್ದ ಹಳೆಯ ಕ್ಯಾಲೆಂಡರುಗಳ ಸುರುಳಿಯನ್ನು ಇಳಿಸಿಕೊಂಡು, ಪುಸ್ತಕಕ್ಕೆ ಹೊದಿಕೆ ಹಾಕುತ್ತೇವೆ ಎಂದು ಕತ್ತರಿ ಹಿಡಿದು ಕೂತಿದ್ದಿರಿ. ನಾನು ಕೂಗಿದ ಕೂಗಿಗೆ ಚಿಕ್ಕವನು ಅತ್ತೇಬಿಟ್ಟ. ದೊಡ್ಡವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಅಜ್ಜಿ ಕೂಗಿದ್ದನ್ನು ಅವಳು ಅದುವರೆಗೆ ಕೇಳಿರಲಿಲ್ಲ.

ಯಾಕೆ ಕೂಗಿದೆ ಅಂತ ನಿಮ್ಮನ್ನು ಕೂರಿಸಿಕೊಂಡು ಹೇಳಲು ನನಗೆ ಬರುವುದಿಲ್ಲ. ನಾಲ್ಕು ಮಾತು ಆಡುವಷ್ಟರಲ್ಲಿ ನನ್ನ ಗಂಟಲು ಕಟ್ಟುತ್ತದೆ. ನಿಮ್ಮ ತಾತ ಇದ್ದಾಗಲೂ ಹೊರಗಿನವರ ಹತ್ತಿರ ಅವರೇ ಮಾತಾಡುತ್ತಿದ್ದರು, ನಾನು ಬಾಗಿಲ ಹಿಂದೆ ನಿಂತಿರುತ್ತಿದ್ದೆ. ನನ್ನ ತವರೂರು ಚಂದಕವಾಡಿಯ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದ್ದೇನೆ. ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಹೇಳುತ್ತಿದ್ದರು. ಅದೊಂದು ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ನೀವು ದೊಡ್ಡವರಾದ ಮೇಲೆ ಓದಿಕೊಳ್ಳಿ.

ಆ ಕ್ಯಾಲೆಂಡರುಗಳಲ್ಲಿ ಪ್ರತಿ ತಾರೀಖಿಗೂ ನೀಲಿ ಪೆನ್ನಿನ ಸುತ್ತು ಇದೆ. ಹಾಲಿನವನ ಲೆಕ್ಕ ಅದು ಅಂತ ನೀವು ಅಂದುಕೊಂಡಿರಿ. ಅದು ನಿಮ್ಮಮ್ಮ ಈ ದೇಶದಲ್ಲಿ ಇದ್ದ ದಿನಗಳ ಲೆಕ್ಕ. ಒಂದು ಕಡೆ ಒಂದೂವರೆ ವರ್ಷ ಖಾಲಿ ಇದೆ. ಆಮೇಲೆ ಒಂದು ಕಡೆ ಹನ್ನೊಂದು ದಿನ ಖಾಲಿ ಇದೆ. ಎರಡೂ ಕಡೆ ಖಾಲಿ ಬಿದ್ದಿದ್ದು ನನ್ನಿಂದ.

ನಿಮ್ಮಪ್ಪ ಮದುವೆಗೆ ಮುಂಚೆ ಗಲ್ಫಿನಲ್ಲಿ ಒಂದು ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕಿದ್ದ. ನಿಮ್ಮಮ್ಮ ಅದೇ ಹೋಟೆಲಿನಲ್ಲಿ ರೂಮುಗಳ ಹಾಸಿಗೆ ಬಟ್ಟೆ ಬದಲಾಯಿಸುವ ಕೆಲಸಕ್ಕೆ ಶ್ರೀಲಂಕಾದಿಂದ ಬಂದಿದ್ದಳು. ಅಲ್ಲಿಯ ಬೆಟ್ಟದ ಟೀ ತೋಟದಲ್ಲಿ, ಕೂಲಿಯವರ ಸಾಲು ಲೈನ್ ಮನೆಯಲ್ಲಿ ಹುಟ್ಟಿದ ತಮಿಳು ಹುಡುಗಿ. ಇಬ್ಬರೂ ಕೆಲಸ ಬಿಟ್ಟು ಬಂದು, ಇಲ್ಲೇ ಮದುವೆ ರಿಜಿಸ್ಟರ್ ಮಾಡಿಸಿ, ಗುಂಡ್ಲುಪೇಟೆಯಲ್ಲಿ ಊಟಿ ರಸ್ತೆಯ ಪಕ್ಕ ಈ ಸಣ್ಣ ಹೋಟೆಲ್ ಇಟ್ಟರು. ಅವಳು ಬಂದ ವಾರವೇ ನಲ್ಲಿಯ ಹತ್ತಿರ ಎದುರುಮನೆಯವಳು ಎಲ್ಲರ ಮುಂದೆ ಕೇಳಿದಳು:

"ಏನಕ್ಕಾ, ಗಲ್ಫಿಂದ ಟೀವಿ ತತ್ತಾನೆ ಅಂತಿದ್ದೆ, ನಿನ್ ಮಗ ಸೊಸೇನೆ ಹೊತ್ಕಂಡ್ ಬಂದವ್ನೆ! ರಾವಣನ ಕಡೇರಾ?"

ಎಲ್ಲರೂ ನಕ್ಕರು. ನಾನು ಬಿಂದಿಗೆ ತುಂಬಿಸಿಕೊಂಡು ತಲೆ ತಗ್ಗಿಸಿ ಬಂದೆ. ಅವತ್ತು ಅವಳಿಗೊಂದು ಮಾತು ಹೇಳಬೇಕಿತ್ತು ಅಂತ ಈಗಲೂ ಮೈ ಉರಿಯುತ್ತದೆ. ನನ್ನ ಮನಸ್ಸೂ ಆಗ ನೆಟ್ಟಗಿರಲಿಲ್ಲ ಅನ್ನುವುದನ್ನೂ ಬರೆಯಬೇಕು. ಮೊದಲ ವರ್ಷವೆಲ್ಲ ದೇವರ ದೀಪ ಹಚ್ಚಲು ನಾನು ನಿಮ್ಮಮ್ಮನನ್ನು ಬಿಡಲಿಲ್ಲ. ಅವಳು ಕಾಯಿ, ಒಣಮೆಣಸಿನಕಾಯಿ, ಸಣ್ಣ ಈರುಳ್ಳಿ ಕುಟ್ಟಿ ಮಾಡುವ ಚಟ್ನಿಯನ್ನು ನಾನು ಬಾಯಿಗೆ ಇಡಲಿಲ್ಲ. ಇವತ್ತು ಆ ಚಟ್ನಿಗೇ ಜನ ಕಾರು ನಿಲ್ಲಿಸುತ್ತಾರೆ. ಅವಳು ಒಂದು ದಿನವೂ ಎದುರು ಮಾತಾಡಲಿಲ್ಲ. ಚೆಂಡುಹೂವಿನ ಕಾಲದಲ್ಲಿ ನಮ್ಮ ಹೊಲಕ್ಕೆ ಬಂದು ನಿಂತಳು ಅಂದರೆ, ಟೀ ಎಲೆ ಕಿತ್ತು ಪಳಗಿದ ಕೈ, ಎರಡೂ ಕೈಯಲ್ಲಿ ಕೀಳುತ್ತಿದ್ದಳು. ಕೂಲಿ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ದೊಡ್ಡವಳು ಹೊಟ್ಟೆಯಲ್ಲಿದ್ದಾಗ ಏಳನೇ ತಿಂಗಳಿಗೆ ನಾನು ಹಟ ಹಿಡಿದೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಿಮ್ಮಪ್ಪ ಬೇಡ ಅಂದ. ನಿಮ್ಮಮ್ಮನೂ, "ಅತ್ತೆ, ಇಲ್ಲೇ ಡಾಕ್ಟರ್ ನೋಡ್ತಿದ್ದಾರಲ್ಲ, ನೀವಿದ್ದೀರಲ್ಲ" ಅಂದಳು. ಯಾವುದಕ್ಕೂ ಬಾಯಿ ಬಿಡದ ನಾನು ಇದಕ್ಕೆ ಮಾತ್ರ ಬಿಟ್ಟೆ. ನನ್ನ ಚೊಚ್ಚಲಿಗೆ ನಮ್ಮತ್ತೆ ನನ್ನನ್ನು ಚಂದಕವಾಡಿಗೆ ಕಳಿಸಿರಲಿಲ್ಲ. ರಾಗಿ ಕೊಯ್ಲು ಅಂತ ನಿಲ್ಲಿಸಿಕೊಂಡಿದ್ದರು. ಬಾಣಂತನದಲ್ಲಿ ಒಂದು ದಿನವೂ ಅಮ್ಮನ ಕೈಯ ನೀರು ಹುಯ್ಯಿಸಿಕೊಳ್ಳದ ಸಂಕಟ ನನ್ನಲ್ಲಿತ್ತು. ನನ್ನ ಸೊಸೆಗೆ ಹಾಗಾಗಬಾರದು ಅಂದುಕೊಂಡೆ. ಒಳ್ಳೆಯದೇ ಮಾಡುತ್ತಿದ್ದೇನೆ ಅಂದುಕೊಂಡೆ. ಅವಳು ಹೋದಳು.

ಮಗು ಅಲ್ಲಿ ಹುಟ್ಟಿತು. ನಿಮ್ಮಪ್ಪ ಹೋಗಿ ನೋಡಿಕೊಂಡು, ಅಲ್ಲಿಯ ನಮ್ಮ ದೇಶದ ಕಚೇರಿಯಲ್ಲಿ ಮಗುವಿನ ಹೆಸರು ಬರೆಸಿ, ಪಾಸ್‌ಪೋರ್ಟನ್ನೂ ಮಾಡಿಸಿ ಬಂದ. ಮೂರು ತಿಂಗಳು ತುಂಬುತ್ತಿದ್ದ ಹಾಗೆ, "ಅವ್ವ, ಮುಂದಿನ ವಾರ ಹೋಗಿ ಕರ್ಕಬತ್ತೀನಿ" ಅಂದ.

ನಾನು ಬೆರಳು ಮಡಿಸಿ ಎಣಿಸಿದೆ. ನಾಲ್ಕನೇ ತಿಂಗಳು ನಡೆಯುತ್ತಿತ್ತು. ನಮ್ಮಲ್ಲಿ ಬಾಣಂತಿಯನ್ನು ತವರಿನಿಂದ ಕರೆತರುವುದು ಬೆಸ ತಿಂಗಳಲ್ಲಿ. ಮೂರು, ಇಲ್ಲದಿದ್ದರೆ ಐದು. ಎರಡರಲ್ಲಿ, ನಾಲ್ಕರಲ್ಲಿ ಹೊಸಿಲು ದಾಟಿಸಬಾರದು.

"ನಾಲ್ಕರಲ್ಲಿ ಬ್ಯಾಡ ಕಣಪ್ಪ. ಐದಕ್ಕೆ ಬೀಳ್ಲಿ."

"ಯಾವ ಕಾಲದ ಶಾಸ್ತ್ರ ಅವ್ವ! ಅಲ್ಲಿ ವಿಮಾನಕ್ಕೂ ಬೆಸ ಸಮ ಅದ್ಯಾ?"

"ಇನ್ನ ಮೂರೇ ವಾರ. ಅಷ್ಟು ತಡಿಯಕ್ಕೆ ಆಗಕಿಲ್ವಾ ನಿಂಗೆ?"

ಅವನು ತಡೆದ. ಆ ಮೂರು ವಾರದೊಳಗೆ ಕೊರೊನಾ ಬಂತು. ವಿಮಾನಗಳು ನಿಂತವು. ಬಂಡೀಪುರದ ರಸ್ತೆಯಲ್ಲಿ ಒಂದು ಲಾರಿಯೂ ಇಲ್ಲ. ಹೋಟೆಲ್ ಬಾಗಿಲು ಹಾಕಿ ನಿಮ್ಮಪ್ಪ ಜಗಲಿಯ ಮೇಲೆ ಫೋನ್ ಹಿಡಿದು ಕೂತಿರುತ್ತಿದ್ದ. ಕೆಲವು ತಿಂಗಳ ಮೇಲೆ, ಹೊರದೇಶದಲ್ಲಿ ಸಿಕ್ಕಿಕೊಂಡ ನಮ್ಮವರನ್ನು ಕರೆತರಲು ವಿಮಾನ ಬಿಡುತ್ತಾರೆ ಅಂತ ಸುದ್ದಿ ಬಂತು. ನಾನು ದೇವರಿಗೆ ಕಾಯಿ ಒಡೆದೆ. ನಿಮ್ಮಪ್ಪ ಫೋನ್ ಮೇಲೆ ಫೋನ್ ಮಾಡಿ, ಕೊನೆಗೆ ಅದನ್ನು ಮಂಚದ ಮೇಲೆ ಎಸೆದ.

"ಮಗು ಬರಬೋದಂತೆ ಅವ್ವ. ಅದ್ರ ಪಾಸ್‌ಪೋರ್ಟ್ ನಮ್ದು. ತಾಯಿ ಬರಂಗಿಲ್ವಂತೆ, ಅವಳು ಬೇರೆ ದೇಶದೋಳಂತೆ."

ಮೊಲೆ ಬಿಡದ ಕೂಸು ವಿಮಾನ ಹತ್ತಿ ಬರಬಹುದು, ಹಾಲು ಕೊಡುವ ತಾಯಿ ಬರುವ ಹಾಗಿಲ್ಲ! ಇದನ್ನು ಯಾರು ಬರೆದರೋ, ಅವರಿಗೆ ಹೆತ್ತವಳೊಬ್ಬಳು ಮನೆಯಲ್ಲಿ ಇರಲಿಲ್ಲವೇ? ಅವತ್ತು ನನಗೆ ಬಂದ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ. ಆದರೆ ಆ ಸಿಟ್ಟನ್ನು ಪೂರ್ತಿಯಾಗಿ ಬೇರೆಯವರ ಮೇಲೆ ಹಾಕುವುದಕ್ಕೂ ಆಗುತ್ತಿರಲಿಲ್ಲ. ನಾಲ್ಕನೇ ತಿಂಗಳಲ್ಲೇ ಬಂದಿದ್ದರೆ?

ಮತ್ತೆ ವೀಸಾ ಸಿಕ್ಕಿ ನಿಮ್ಮಮ್ಮ ವಾಪಸು ಬರುವಷ್ಟರಲ್ಲಿ, ಹೋಗಿ ಒಂದೂವರೆ ವರ್ಷವಾಗಿತ್ತು. ದೊಡ್ಡವಳೇ, ನಿನ್ನನ್ನು ನಾನು ಮೊದಲ ಸಲ ನೋಡಿದಾಗ ನೀನು ನಡೆಯುತ್ತಿದ್ದೆ. ಆಟೋದಿಂದ ಇಳಿದು ನನ್ನನ್ನು ನೋಡಿ ನಿಮ್ಮಮ್ಮನ ಸೀರೆ ಹಿಂದೆ ಅವಿತುಕೊಂಡೆ. ನನಗೂ ನಾಚಿಕೆ, ನಿನಗೂ ನಾಚಿಕೆ. ಅವತ್ತು ಸಂಜೆ ದೇವರ ದೀಪವನ್ನು ನಾನು ನಿಮ್ಮಮ್ಮನ ಕೈಲೇ ಹಚ್ಚಿಸಿದೆ.

ಅವಳು ಕ್ಯಾಲೆಂಡರಿಗೆ ಸುತ್ತು ಹಾಕುವುದನ್ನು ಬಂದ ಮಾರನೇ ದಿನವೇ ಮತ್ತೆ ಶುರು ಮಾಡಿದಳು. ಅದುವರೆಗೆ ಆ ಸುತ್ತು ನನಗೆ ತಮಾಷೆಯಾಗಿ ಕಾಣುತ್ತಿತ್ತು. ಆಮೇಲೆ ತಿಳಿಯಿತು. ಇಲ್ಲಿಯವನನ್ನು ಮದುವೆಯಾದವಳು ಏಳು ವರ್ಷ ಇಲ್ಲೇ ಬಾಳಿದರೆ ಈ ದೇಶದವಳು ಅಂತ ಬರೆಸಿಕೊಳ್ಳಲು ಅರ್ಜಿ ಹಾಕಬಹುದು. ಬರೆಸಿಕೊಂಡರೆ ಮತ್ತೆ ಎಂದಾದರೂ ಬಾಗಿಲು ಹಾಕಿದಾಗ ನೀವು ಒಳಗೆ, ಅವಳು ಹೊರಗೆ ಅನ್ನುವ ಹಾಗಾಗುವುದಿಲ್ಲ. ಅವಳಿಗೆ ಬೇಕಾಗಿದ್ದು ಅಷ್ಟೇ. ಚಿಕ್ಕವನು ಚಾಮರಾಜನಗರದ ಆಸ್ಪತ್ರೆಯಲ್ಲಿ ಹುಟ್ಟಿದ. ಆಗ ತವರಿನ ಮಾತನ್ನು ನಾನು ಎತ್ತಲೇ ಇಲ್ಲ.

ಏಳು ವರ್ಷವಾಯಿತು ಅಂತ ನಾವು ಮೂವರೂ ತೆರಕಣಾಂಬಿ ಮೇಲಿನ ಬಸ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ಒಂದು ಸರ್ಕಾರಿ ಕಚೇರಿ, ಯಾವುದು ಅಂತ ಬರೆಯುವುದಿಲ್ಲ. ಅಲ್ಲಿಯ ಗುಮಾಸ್ತ ಕಾಗದಗಳನ್ನು ತಿರುವಿ ಹಾಕಿ ನಿಮ್ಮಪ್ಪನನ್ನು ಕೇಳಿದ:

"ಈ ಲೇಡಿಗೆ ಕನ್ನಡ ಬರುತ್ತಾ?"

"ಬರುತ್ತೆ ಸಾರ್. ನನ್ನನ್ನೇ ಕೇಳಿ," ಅಂದಳು ನಿಮ್ಮಮ್ಮ.

ಅವನು ಆಮೇಲೂ ನಿಮ್ಮಪ್ಪನನ್ನೇ ಕೇಳಿದ. "ಈ ಒಂದೂವರೆ ವರ್ಷ ಎಲ್ಲಿದ್ರು?"

"ಕೊರೊನಾ ಸಾರ್. ಅಲ್ಲೇ ಸಿಕ್ಕಾಕೊಂಡ್ರು."

"ಕೊರೊನಾಕ್ಕಿಂತ ಮುಂಚೇನೇ ಹೋಗಿದ್ದಾರಲ್ರೀ."

"ಹೆರಿಗೆಗೆ ಸಾರ್."

"ಯಾಕೆ, ಇಲ್ಲಿ ಆಸ್ಪತ್ರೆ ಮುಚ್ಚಿದ್ರಾ?" ಅಂತ ಅವನು ಪಕ್ಕದ ಮೇಜಿನವನ ಕಡೆ ನೋಡಿ ನಕ್ಕ. "ಇದು ಲೆಕ್ಕಕ್ಕೆ ಬರಲ್ಲ. ಕಳೆದುಹೋದಷ್ಟು ದಿನ ತುಂಬಿಸ್ಕೊಂಡು ಬನ್ನಿ. ಇನ್ನೊಂದು, ಅರ್ಜಿ ಹಾಕೋಕೆ ಮುಂಚಿನ ಹನ್ನೆರಡು ತಿಂಗಳು ದೇಶ ಬಿಟ್ಟು ಕದಲಬಾರದು. ಒಂದು ದಿನ ಹೋದ್ರೂ ಮತ್ತೆ ಮೊದಲಿಂದ."

ನಾನು ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಿದ್ದೆ. ಕಳಿಸಿದ್ದು ನಾನು, ನಿಲ್ಲಿಸಿದ್ದೂ ನಾನು ಅಂತ ಹೇಳಬೇಕು ಅನ್ನಿಸಿತು. ನಾಲಗೆ ಏಳಲಿಲ್ಲ. ಬಸ್ಸಿನಲ್ಲಿ ಬರುವಾಗ ನಿಮ್ಮಮ್ಮ ಕಿಟಕಿಯ ಕಡೆ ತಿರುಗಿಕೊಂಡು ಒಂದು ಮಾತು ಹೇಳಿದಳು. ಅವಳ ಮುತ್ತಜ್ಜನ ಕಾಲದವರನ್ನು ನಮ್ಮ ಈ ಬೆಟ್ಟಗಳ ಆಚೆಯ ತಮಿಳು ಸೀಮೆಯಿಂದಲೇ ಹಡಗಿನಲ್ಲಿ ಟೀ ತೋಟಕ್ಕೆ ಕರೆದುಕೊಂಡು ಹೋಗಿದ್ದಂತೆ. ಅಲ್ಲಿ ಅವಳ ಅಜ್ಜಿಗೆ ಎಷ್ಟೋ ವರ್ಷ ನೀನು ಇಲ್ಲಿಯವಳಲ್ಲ ಅಂದರಂತೆ. "ಈಗ ಇಲ್ಲಿ ನನಗೆ ಹಾಗಂತಾರೆ ಅತ್ತೆ," ಅಂದಳು. ನನ್ನನ್ನು ದೂರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮತ್ತೆ ಎಣಿಸಿದೆವು. ಆ ಕೊನೆಯ ಹನ್ನೆರಡು ತಿಂಗಳಲ್ಲಿ ನಿಮ್ಮಮ್ಮ ಊಟಿ ಕಡೆಗೂ ಹೋಗಲಿಲ್ಲ. ಅದು ನಮ್ಮ ದೇಶವೇ ಕಣಮ್ಮಿ ಅಂದರೂ, "ಯಾಕೆ ಬೇಕು ಅತ್ತೆ" ಅನ್ನುತ್ತಿದ್ದಳು. ಗೋಪಾಲಸ್ವಾಮಿ ಬೆಟ್ಟದವರೆಗೆ ಒಂದು ಸಲ ಹೋಗಿಬಂದಿದ್ದೇ ದೊಡ್ಡ ಪ್ರಯಾಣ.

ಹನ್ನೊಂದನೇ ತಿಂಗಳು ನಡೆಯುವಾಗ ಅವಳ ತಮ್ಮ ಫೋನ್ ಮಾಡಿದ. ಅಮ್ಮನಿಗೆ ಕಿಡ್ನಿ ಪೂರ್ತಿ ಹೋಗಿದೆ, ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ ಅಂದ. ನಿಮ್ಮಮ್ಮ ಫೋನ್ ಇಟ್ಟು ದೋಸೆ ಹಿಟ್ಟಿಗೆ ಉಪ್ಪು ಹಾಕಿದಳು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಬಂದು ಅದೇ ಹಿಟ್ಟಿಗೆ ಮತ್ತೆ ಉಪ್ಪು ಹಾಕಿದಳು.

"ಇನ್ನ ಐದು ವಾರ ಕಣವ್ವ," ಅಂದ ನಿಮ್ಮಪ್ಪ, ನನ್ನ ಹತ್ತಿರ. "ಐದು ವಾರ ತಡ್ಕಂಡ್ರೆ ಮುಗ್ದೋಯ್ತದೆ."

"ನಿಮ್ಮತ್ತೆ ಜೀವ ಐದು ವಾರ ತಡ್ಕತದಾ? ಕೇಳ್ಕಂಡಿದ್ದೀಯಾ?"

ನಿಮ್ಮಮ್ಮ ಬಾಗಿಲ ಹತ್ತಿರ ನಿಂತಿದ್ದಳು. "ನಾನು ಹೋಗಲ್ಲ ಅತ್ತೆ. ಮತ್ತೆ ಬಾಗಿಲು ಹಾಕಿಬಿಟ್ರೆ? ಈ ಸಲ ಮಕ್ಕಳಿಬ್ಬರೂ ಇಲ್ಲಿರ್ತಾರೆ," ಅಂದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ. ಹೆತ್ತ ತಾಯಿ ಸಾಯುತ್ತಿರುವಾಗ ಮಗಳು ತಿಂಗಳು ಎಣಿಸಿಕೊಂಡು ನಿಲ್ಲುವ ಹಾಗೆ ಮಾಡುವುದು ಎಂಥ ನಿಯಮ?

"ಓಗು ಕಣಮ್ಮಿ," ಅಂದೆ. "ಮೊದಲ್ನೇ ಸಲ ಶಾಸ್ತ್ರಕ್ಕೋಸ್ಕರ ಕಳಿಸ್ದೆ. ಈಗ ಯಾವ ಶಾಸ್ತ್ರನೂ ಇಲ್ಲ. ನಿಮ್ಮವ್ವನ ಮಕ ನೋಡ್ಕಂಡ್ ಬಾ. ಲೆಕ್ಕ ಹಾಳಾದ್ರೆ ಆಗ್ಲಿ, ಇನ್ನೊಂದ್ ವರ್ಷ ಎಣ್ಸನ. ಮಕ್ಳು ನನ್ ತಾವ ಇರ್ತವೆ."

ಹನ್ನೊಂದು ದಿನ ಹೋಗಿಬಂದಳು. ಅವಳು ತಲುಪಿ ನಾಲ್ಕು ದಿನ ಅವರಮ್ಮ ಬದುಕಿದ್ದರು. ಅವರಲ್ಲಿ ಮಡಿಲಕ್ಕಿ ಶಾಸ್ತ್ರ ಇಲ್ಲ. ಚೊಚ್ಚಲಿಗೆ ಹೋಗಿದ್ದಾಗ, ಬಾಣಂತಿ ತವರಿನಿಂದ ಹೊರಡುವಾಗ ಮಡಿಲಿಗೆ ಅಕ್ಕಿ, ಕಾಯಿ ತುಂಬಿ ಕಳಿಸಬೇಕು ಅಂತ ನಾನು ಫೋನಿನಲ್ಲಿ ಹೇಳಿಕೊಟ್ಟಿದ್ದೆ. ಆ ಯಮ್ಮ ಅದನ್ನು ಮರೆತಿರಲಿಲ್ಲ. ಮಲಗಿದ ಕಡೆಯಿಂದಲೇ ಮೂರು ಹಿಡಿ ಅಕ್ಕಿ ಮಗಳ ಮಡಿಲಿಗೆ ಹಾಕಿದರಂತೆ. ಸೆರಗಿನ ತುದಿಗೆ ಕಟ್ಟಿಕೊಂಡು ಬಂದ ಆ ಅಕ್ಕಿಯನ್ನು ವಿಮಾನ ನಿಲ್ದಾಣದಲ್ಲಿ ಬಿಚ್ಚಿಸಿ, ಇದೇನು, ಯಾಕೆ ತಂದೆ ಅಂತ ಕೇಳಿದರಂತೆ. ತಾಯಿ ಸತ್ತ ಮಗಳು ಅಪರಿಚಿತರ ಮುಂದೆ ನಿಂತು ಮೂರು ಹಿಡಿ ಅಕ್ಕಿಗೆ ಕಾರಣ ಹೇಳಬೇಕಾಯಿತು. ಆ ಅಕ್ಕಿಯನ್ನು ನಾನು ಪಾಯಸ ಮಾಡಿ ನಿಮಗೆ ಬಡಿಸಿದ್ದೇನೆ. ಚಿಕ್ಕವನು ಇನ್ನೂ ಬೇಕು ಅಂತ ಅತ್ತಿದ್ದ.

ಲೆಕ್ಕ ಏನಾಯಿತು ಅಂತ ಕೇಳಲು ಬಂದ ವಾರವೇ ಮತ್ತೆ ಚಾಮರಾಜನಗರ. ಅದೇ ಗುಮಾಸ್ತ, ಪಾಸ್‌ಪೋರ್ಟಿನ ಹೊಸ ಸೀಲಿನ ಮೇಲೆ ಬೆರಳಿಟ್ಟ.

"ಹೇಳಿದ್ದೆ ತಾನೆ? ಕದಲಬಾರದು ಅಂತ?"

"ನಮ್ಮಮ್ಮ ತೀರಿಕೊಂಡ್ರು ಸಾರ್," ಅಂದಳು ನಿಮ್ಮಮ್ಮ.

"ಅಯ್ಯೋ ಪಾಪ. ಆದ್ರೆ ರೂಲ್ಸು ರೂಲ್ಸೇ. ಮುಂದಿನ ವರ್ಷ ಬನ್ನಿ."

ನಾನು ಬೆಂಚಿನಿಂದ ಎದ್ದೆ. ಎದ್ದಿದ್ದು ನನಗೇ ಗೊತ್ತಾಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡೆ.

"ಸ್ವಾಮಿ, ಕಳಿಸಿದ್ದು ನಾನು."

"ನೀವ್ಯಾರಮ್ಮ?"

"ಇವಳತ್ತೆ. ಎರಡು ಸಲವೂ ನಾನೇ ಕಳ್ಸಿದ್ದು. ನಾಲ್ಕನೇ ತಿಂಗಳಲ್ಲಿ ಬ್ಯಾಡ ಅಂತ ನಿಲ್ಸಿದ್ದೂ ನಾನೇ. ಬರ್ಕಳಿ."

"ಅಮ್ಮ, ಕೂತ್ಕೊಳ್ಳಿ, ಇದೆಲ್ಲ..."

"ನಿಮ್ಮನೆ ಹೆಣ್ಮಕ್ಳು ಹೆರಿಗೆಗೆ ಎಲ್ಲಿಗೆ ಓಯ್ತವೆ?"

ಅವನು ಸುತ್ತ ನೋಡಿದ. "ತವರಿಗೇ. ನನ್ನ ಹೆಂಡ್ತಿ ನಂಜನಗೂಡಿಗೆ ಹೋಗಿದ್ಲು."

"ಅವ್ರು ಐದು ತಿಂಗಳು ತವರಲ್ಲಿ ಇದ್ರೆ ನಿಮ್ಮನೆ ಸೊಸೆ ಅನ್ನೋದು ಮುರ್ದೋಯ್ತದಾ? ಅವರವ್ವ ಸತ್ತಾಗ ಓಗ್ಬ್ಯಾಡ, ಓದ್ರೆ ಮೊದಲಿಂದ ಎಣಿಸ್ತೀವಿ ಅಂದಿದ್ರಾ ನೀವು? ಇವಳ ತವರು ಸಮುದ್ರದಾಚೆ ಅದೆ, ಅದಕ್ಕೆ ಇವಳೇನ್ ಮಾಡಳು? ನನ್ ಮನೇಲಿ ಇಷ್ಟು ವರ್ಷ ಬಾಳವ್ಳೆ. ನಾನು ಜ್ವರ ಬಂದು ಮಲಗಿದ್ರೆ ಗಂಜಿ ಕುಡ್ಸೋಳು ಇವಳು. ಅದು ನಿಮ್ ಪುಸ್ತಕದಲ್ಲಿ ಎಲ್ಲಿ ಬರ್ದದೆ, ತೋರ್ಸಿ."

ನನ್ನ ದನಿ ಎಷ್ಟು ಏರಿತ್ತೋ, ಒಳಗಿನ ಕೋಣೆಯಿಂದ ಒಬ್ಬ ಅಧಿಕಾರಿ ಬಂದರು. ನಿಮ್ಮಮ್ಮನ ವಯಸ್ಸಿನ ಹೆಂಗಸು. ನಿಂತುಕೊಂಡೇ ಎಲ್ಲ ಕೇಳಿದರು, ಪಾಸ್‌ಪೋರ್ಟ್ ನೋಡಿದರು.

"ಮೂವತ್ತು ದಿನದೊಳಗೆ ಹೋಗಿಬಂದಿದ್ದರೆ, ವಿಶೇಷ ಕಾರಣ ಬರೆದು ವಿನಾಯಿತಿ ಕೇಳೋದಕ್ಕೆ ಅವಕಾಶ ಇದೆ," ಅಂದರು. "ಕೊಡೋದು ಬಿಡೋದು ಮೇಲಿನವರಿಗೆ ಬಿಟ್ಟಿದ್ದು. ಕೇಳಿದರೆ ತಪ್ಪಿಲ್ಲ."

ನಿಮ್ಮಪ್ಪ ಗುಮಾಸ್ತನ ಕಡೆ ತಿರುಗಿದ. "ಇದನ್ನ ನೀವ್ ಯಾಕೆ ಹೇಳ್ಲಿಲ್ಲ ಸಾರ್?"

"ನೀವು ಕೇಳ್ಲಿಲ್ವಲ್ಲ," ಅಂದ ಅವನು, ಫೈಲಿನ ದಾರ ಕಟ್ಟುತ್ತ.

ಕೇಳಲಿಲ್ಲವಂತೆ! ಇದೆ ಅಂತಲೇ ಗೊತ್ತಿಲ್ಲದ್ದನ್ನು ಹೇಗೆ ಕೇಳಬೇಕು? ಅವನು ಆ ಒಂದು ಮಾತು ಮೊದಲೇ ಹೇಳಿದ್ದರೆ ನಿಮ್ಮಮ್ಮ ಫೋನ್ ಬಂದ ದಿನವೇ ಹೊರಡುತ್ತಿದ್ದಳು. ಹೋಗಲೋ ಬೇಡವೋ ಅಂತ ಒದ್ದಾಡಿದ ಐದು ದಿನವನ್ನು ತಾಯಿಯ ಪಕ್ಕದಲ್ಲಿ ಕಳೆಯುತ್ತಿದ್ದಳು. ನಾಲ್ಕು ದಿನದ ಬದಲು ಒಂಬತ್ತು ದಿನ. ಅದನ್ನು ಯಾರು ತುಂಬಿಸಿಕೊಡುತ್ತಾರೆ?

ನಿಮ್ಮಮ್ಮನ ಮನವಿಯನ್ನು ಟೈಪ್ ಮಾಡಿಸಿದೆವು. ಜೊತೆಗೆ ನನ್ನದೊಂದು ಕಾಗದ ಇಡುತ್ತೇನೆ ಅಂದೆ. ಗುಮಾಸ್ತ, "ಅದನ್ನೂ ಟೈಪ್ ಮಾಡಿಸಿ, ಇಂಗ್ಲಿಷಿನಲ್ಲಿದ್ದರೆ ಒಳ್ಳೇದು" ಅಂದ. ನಾನು ಮಾಡಿಸಲಿಲ್ಲ. ಅಲ್ಲೇ ಬೆಂಚಿನ ಮೇಲೆ ಕೂತು, ನಿಮ್ಮಪ್ಪ ತಂದುಕೊಟ್ಟ ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ. ಚೊಚ್ಚಲಿಗೆ ಕಳಿಸಿದ್ದು, ನಾಲ್ಕನೇ ತಿಂಗಳಲ್ಲಿ ನಿಲ್ಲಿಸಿದ್ದು, ತಾಯಿಯ ಮುಖ ನೋಡಿ ಬಾ ಅಂದಿದ್ದು, ಎಲ್ಲ ಬರೆದು ಕೆಳಗೆ ರುಜು ಹಾಕಿದೆ. ಅಧಿಕಾರಿ ಓದಿ, "ಅಕ್ಷರ ಚೆನ್ನಾಗಿದೆ ಅಮ್ಮ" ಅಂದು ಫೈಲಿಗೆ ಸೇರಿಸಿದರು. ಉಳಿದ ವಾರಗಳು ತುಂಬಿದ ಮೇಲೆ ಅರ್ಜಿ ಮೇಲಕ್ಕೆ ಹೋಯಿತು.

ಆಮೇಲೆ ವಿಚಾರಣೆಗೆ ಅಂತ ಒಬ್ಬ ಪೊಲೀಸ್ ಪೇದೆ ಬಂದ. ಮೊದಲು ಎದುರುಮನೆಗೆ ಹೋಗಿ, ಈ ಹೆಂಗಸು ಇಲ್ಲೇ ಇರ್ತಾಳಾ, ಗಂಡನ ಜೊತೆ ನಿಜವಾಗ್ಲೂ ಸಂಸಾರ ಮಾಡ್ತಾಳಾ ಅಂತ ಕೇಳಿದ. ಆ ಎದುರುಮನೆಯವಳು, ರಾವಣನ ಕಡೆಯವರು ಅಂದವಳೇ, ಸೊಂಟದ ಮೇಲೆ ಕೈಯಿಟ್ಟು, "ಮಾಡ್ದೆ ಏನ್ ಎರಡು ಮಕ್ಳು ಸಂತೇಲಿ ತಂದವ್ರಾ?" ಅಂದಳು. ನಮ್ಮ ಮನೆಯವರೆಗೂ ಕೇಳಿಸಿತು. ಅವಳ ಮೇಲಿದ್ದ ನನ್ನ ಹಳೆಯ ಸಿಟ್ಟು ಅರ್ಧ ಅವತ್ತೇ ಹೋಯಿತು. ಇನ್ನರ್ಧ ಇಟ್ಟುಕೊಂಡಿದ್ದೇನೆ.

ಪೇದೆ ನಮ್ಮ ಹೋಟೆಲಿಗೆ ಬಂದು ಕೂತು, ಎರಡು ದೋಸೆ ತಿಂದು, ಚಟ್ನಿ ಎರಡು ಸಲ ಹಾಕಿಸಿಕೊಂಡು, ಬಾಯಿ ಒರೆಸಿಕೊಂಡು ನಿಮ್ಮಮ್ಮನನ್ನು ಕೇಳಿದ:

"ಒಂದ್ ವೇಳೆ ಸರ್ಕಾರದೋರು ಕೊಡಲ್ಲ ಅಂದ್ರೆ ಏನ್ಮಾಡ್ತೀಯಮ್ಮ?"

ನಿಮ್ಮಮ್ಮ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ.

"ಹಿಟ್ಟು ರುಬ್ತೀನಿ ಸಾರ್. ನಾಳೆ ಶನಿವಾರ. ಊಟಿಗೆ ಹೋಗೋರು ಜಾಸ್ತಿ."

ಅವನು ಏನೋ ಬರೆದುಕೊಂಡು ಹೋದ. ಏನು ಬರೆದುಕೊಂಡ ಅಂತ ನಮಗೆ ತೋರಿಸಲಿಲ್ಲ.

ಫೈಲ್ ಈಗ ಎಲ್ಲಿದೆಯೋ ಗೊತ್ತಿಲ್ಲ. ಕೇಳಿದಾಗಲೆಲ್ಲ ಮೇಲಿದೆ ಅನ್ನುತ್ತಾರೆ. ನಿಮ್ಮಮ್ಮ ವೀಸಾ ಮುಗಿಯುವ ಮುಂಚೆ ಮತ್ತೆ ಬರೆಸಿಕೊಂಡು, ಹಿಟ್ಟು ರುಬ್ಬಿಕೊಂಡು ಇದ್ದಾಳೆ. ಕ್ಯಾಲೆಂಡರಿಗೆ ಸುತ್ತು ಹಾಕುವುದನ್ನು ಅವಳು ಬಿಟ್ಟುಬಿಟ್ಟಿದ್ದಾಳೆ. "ಸಾಕು ಅತ್ತೆ, ನನ್ನ ಕೈಲಿ ಇನ್ನು ಎಣಿಸೋಕೆ ಆಗಲ್ಲ," ಅಂದಳು.

ಅದಕ್ಕೇ ಅಡಿಗೆಮನೆಯ ಗೋಡೆಯ ಕ್ಯಾಲೆಂಡರಿಗೆ ಈಗ ನಾನು ಸುತ್ತು ಹಾಕುತ್ತೇನೆ. ನೀವು ಸ್ಕೂಲಿಗೆ ಹೋದ ಮೇಲೆ, ದಿನಕ್ಕೊಂದು. ನಾಳೆ ಯಾರಾದರೂ ಬಂದು ಇವಳು ಎಷ್ಟು ದಿನ ಇಲ್ಲಿದ್ದಳು ಅಂತ ಮತ್ತೆ ಕೇಳಿದರೆ, ಗಂಟಲು ಕಟ್ಟಿದರೂ ಸರಿ, ಅಟ್ಟದ ಆ ಕ್ಯಾಲೆಂಡರುಗಳನ್ನೆಲ್ಲ ಇಳಿಸಿ ಅವರ ಮೇಜಿನ ಮೇಲೆ ಹರಡುತ್ತೇನೆ. ಪುಸ್ತಕಕ್ಕೆ ಹೊದಿಕೆ ಬೇಕಾದರೆ ಹಳೆಯ ಪೇಪರ್ ಕೊಡುತ್ತೇನೆ. ಆ ಸುರುಳಿಗೆ ಮಾತ್ರ ಕತ್ತರಿ ತಾಗಿಸಬೇಡಿ.